ಜಾನ್ ಲೂಯಿಸ್ ಹೆಸರಿಟ್ಟುಕೊಂಡ ಕಾಲೇಜು ಯಾರಿಗೆ ಉತ್ತರ ಕೊಡಬೇಕು?

ನಮಸ್ಕಾರ. ಇವತ್ತು ಒಂದು ಕಾಲೇಜಿನ ಬಗ್ಗೆ ಮಾತಾಡೋಣ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ, ಸಮುದ್ರದ ಕಡೆ ಮುಖ ಮಾಡಿದ ಗುಡ್ಡದ ಮೇಲೆ, ರೆಡ್‌ವುಡ್ ಮರಗಳ ನಡುವೆ ಇರುವ ಕಾಲೇಜು. ಅದರ ಹೆಸರು ಜಾನ್ ಆರ್. ಲೂಯಿಸ್ ಕಾಲೇಜ್. ಅಮೆರಿಕದಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳಿಗಾಗಿ ಹೋರಾಡಿ ಮುಂದೆ ಸಂಸದರಾದ ಲೂಯಿಸ್ ಅವರ ಹೆಸರು ಅದು.

ಮೊದಲು ಒಂದು ವಿಷಯ ಹೇಳಿಬಿಡ್ತೀನಿ. ಅಲ್ಲಿ ಕಾಲೇಜು ಅಂದರೆ ನಾವು ಅಂದುಕೊಳ್ಳುವ ಕಾಲೇಜಲ್ಲ. ಪಾಠ ಮಾಡೋದು, ಡಿಗ್ರಿ ಕೊಡೋದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್. ಅದರೊಳಗೆ ಹತ್ತು ಕಾಲೇಜುಗಳಿವೆ. ವಿದ್ಯಾರ್ಥಿ ಯಾವ ವಿಷಯ ಓದಿದರೂ ಯಾವುದಾದರೂ ಒಂದು ಕಾಲೇಜಿಗೆ ಸೇರಿರುತ್ತಾನೆ. ರೂಮು ಅಲ್ಲಿ, ಊಟ ಅಲ್ಲಿ, ಗೆಳೆತನ ಅಲ್ಲಿ. ಮೊದಲ ವರ್ಷದವರು ಆ ಕಾಲೇಜಿನದೇ ಒಂದು ಕೋರ್ಸ್ ಮಾಡಬೇಕು. ಒಂದೊಂದು ಕಾಲೇಜಿಗೂ ಒಂದೊಂದು ಆಶಯ ಇದೆ. ನಾನು ಹೇಳುತ್ತಿರುವ ಕಾಲೇಜಿನ ಆಶಯ ಸಾಮಾಜಿಕ ನ್ಯಾಯ ಮತ್ತು ಸಮುದಾಯ.

2002ರಲ್ಲಿ ಶುರುವಾದಾಗ ಇದಕ್ಕೆ ಹೆಸರೇ ಇರಲಿಲ್ಲ. ಸುಮಾರು ಇಪ್ಪತ್ತು ವರ್ಷ ಸುಮ್ನೆ ಕಾಲೇಜ್ ಟೆನ್ ಅಂತಲೇ ಕರೆದರು. ಅಲ್ಲಿ ಹಲವು ಕಾಲೇಜುಗಳಿಗೆ ದುಡ್ಡು ಕೊಟ್ಟ ಸಂಸ್ಥೆಗಳ ಹೆಸರಿದೆ. ಕೋವೆಲ್, ಕ್ರೌನ್, ಕ್ರೆಸ್ಗಿ ಎಲ್ಲವೂ ಹಾಗೆ ಬಂದವು. 2020ರ ಜುಲೈನಲ್ಲಿ ಜಾನ್ ಲೂಯಿಸ್ ತೀರಿಕೊಂಡರು. ಆಮೇಲೆ ಹತ್ತನೇ ಕಾಲೇಜಿಗೆ ಅವರ ಹೆಸರು ಬಂತು.

ಒಳ್ಳೆಯ ಹೆಸರು. ನನಗೆ ನಿಜವಾಗಲೂ ಖುಷಿ ಇದೆ. ಆದರೆ ಇದು ಹಗುರವಾದ ಹೆಸರಲ್ಲ. ಇದರ ಭಾರ ಹೊರಬೇಕಾದವರು ಅಲ್ಲಿಗೆ ಬರುವ ಹದಿನೆಂಟು ವರ್ಷದ ಮಕ್ಕಳಲ್ಲ, ವಿಶ್ವವಿದ್ಯಾಲಯದ ಆಡಳಿತ. ಇವತ್ತು ನಾನು ಹೇಳಬೇಕಾಗಿರೋದು ಇಷ್ಟೇ. ಯಾಕೆ ಹೀಗೆ ಹೇಳ್ತೀನಿ ಅಂತ ಅರ್ಥ ಆಗಬೇಕಾದರೆ ಲೂಯಿಸ್ ಎಲ್ಲಿ ಓದಿದರು ಅಂತ ನೋಡಬೇಕು.

ಲೂಯಿಸ್ ಹುಟ್ಟಿದ್ದು 1940ರಲ್ಲಿ, ಅಲಬಾಮದ ಟ್ರಾಯ್ ಅನ್ನುವ ಊರಿನ ಹತ್ತಿರ. ಅಪ್ಪ ಅಮ್ಮ ಬೇರೆಯವರ ಜಮೀನನ್ನು ಪಾಲಿಗೆ ಮಾಡಿ ಬದುಕಿದವರು. ಮನೆಯಲ್ಲಿ ಹತ್ತು ಮಕ್ಕಳು. ಟ್ರಾಯ್‌ನಲ್ಲೇ ಸರ್ಕಾರಿ ಕಾಲೇಜಿತ್ತು, ಆದರೆ ಬಿಳಿಯರಿಗೆ ಮಾತ್ರ. ಹುಡುಗ ಅರ್ಜಿ ಹಾಕಿದ. ಉತ್ತರವೇ ಬರಲಿಲ್ಲ. ಅವನು ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಪತ್ರ ಬರೆದ. ಕಿಂಗ್ ಕರೆಸಿ ಮಾತಾಡಿದರು. ಕೋರ್ಟಿಗೆ ಹೋಗೋಣ, ಸಹಾಯ ಮಾಡ್ತೀವಿ, ಆದರೆ ನಿನ್ನ ಅಪ್ಪ ಅಮ್ಮ ಒಪ್ಪಬೇಕು ಅಂದರು. ಅಪ್ಪ ಅಮ್ಮ ಹೆದರಿದರು. ಹೆದರದೆ ಏನು ಮಾಡ್ತಾರೆ? ಕೆಲಸ ಹೋಗಬಹುದು, ಜಮೀನು ಹೋಗಬಹುದು, ಮನೆಗೆ ಬೆಂಕಿ ಬೀಳಬಹುದು. ಕೇಸು ಅಲ್ಲಿಗೇ ನಿಂತಿತು.

ಅವರು ಓದಿದ್ದು ಟೆನೆಸಿಯ ನ್ಯಾಶ್‌ವಿಲ್‌ನಲ್ಲಿ, ಅಮೆರಿಕನ್ ಬ್ಯಾಪ್ಟಿಸ್ಟ್ ಅನ್ನುವ ಬಡ ಕಾಲೇಜಿನಲ್ಲಿ, ಪಾದ್ರಿಯಾಗೋಕೆ. ಆ ಕಾಲೇಜನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ, ಅಲ್ಲಿ ಫೀಸಿನ ಬದಲು ಕೆಲಸ ಮಾಡಬಹುದಿತ್ತು. ಲೂಯಿಸ್ ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಪಾತ್ರೆ ತಿಕ್ಕಿ ಓದಿದರು. ಅವರ ರೂಮ್‌ಮೇಟ್ ಬರ್ನಾರ್ಡ್ ಲಫಾಯೆಟ್. ಅದೇ ಕಾಲೇಜಿನಲ್ಲಿ ಜೇಮ್ಸ್ ಬೆವೆಲ್ ಕೂಡ ಓದುತ್ತಿದ್ದರು. ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿ ಗೊತ್ತಿರುವವರಿಗೆ ಈ ಮೂರೂ ದೊಡ್ಡ ಹೆಸರು. ಮೂವರೂ ಆ ಸಣ್ಣ ಕಾಲೇಜಿನ ಹುಡುಗರು.

ಆ ಹುಡುಗರಿಗೆ ಗುರುವಾಗಿ ಸಿಕ್ಕವರು ಜೇಮ್ಸ್ ಲಾಸನ್. ಇವರು ಕೊರಿಯಾ ಯುದ್ಧಕ್ಕೆ ಹೋಗಲ್ಲ ಅಂತ ಹೇಳಿ ಜೈಲು ಸೇರಿದವರು. ಆಮೇಲೆ ನಮ್ಮ ನಾಗಪುರಕ್ಕೆ ಬಂದರು. ಅಲ್ಲಿನ ಹಿಸ್ಲಾಪ್ ಕಾಲೇಜಿನಲ್ಲಿದ್ದುಕೊಂಡು ಗಾಂಧೀಜಿಯ ಸತ್ಯಾಗ್ರಹದ ದಾರಿಯನ್ನು ಕಲಿತರು. ಹಿಂದಿರುಗಿದ ಮೇಲೆ 1959ರಲ್ಲಿ ನ್ಯಾಶ್‌ವಿಲ್‌ನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ವಿದ್ಯಾರ್ಥಿಗಳಿಗೆ ತರಬೇತಿ ಕೊಡೋಕೆ ಶುರು ಮಾಡಿದರು. ಆಗ ಅಂಗಡಿಗಳೊಳಗಿನ ಊಟದ ಕೌಂಟರಿನಲ್ಲಿ ಬಿಳಿಯರು ಮಾತ್ರ ಕೂರಬಹುದಿತ್ತು. ಒಂದಿಷ್ಟು ಜನ ಅಂಥ ಕೌಂಟರಿನಲ್ಲಿ ಕೂತವರಂತೆ ಕೂರಬೇಕು. ಉಳಿದವರು ಬಂದು ಬೈಯಬೇಕು, ತಳ್ಳಬೇಕು, ಮುಖಕ್ಕೆ ಸಿಗರೇಟಿನ ಹೊಗೆ ಬಿಡಬೇಕು. ಕೂತವರು ತಿರುಗಿ ಕೈ ಎತ್ತಬಾರದು. ತಿಂಗಳುಗಟ್ಟಲೆ ಇದೇ ಅಭ್ಯಾಸ ನಡೆಯಿತು. 1960ರ ಫೆಬ್ರವರಿಯಲ್ಲಿ ನಿಜವಾದ ಕೌಂಟರ್‌ಗಳ ಮುಂದೆ ಹೋಗಿ ಕೂತರು. ಏಟು ಬಿತ್ತು. ಹೊಡೆದವರನ್ನು ಬಿಟ್ಟು ಏಟು ತಿಂದವರನ್ನೇ ಪೊಲೀಸರು ಹಿಡಿದುಕೊಂಡು ಹೋದರು. ಅದು ಲೂಯಿಸ್ ಅವರ ಮೊದಲ ಬಂಧನ. ಆಗ ತಾನೇ ಇಪ್ಪತ್ತು ತುಂಬಿತ್ತು. ಆ ಮೇ ತಿಂಗಳಲ್ಲಿ ನ್ಯಾಶ್‌ವಿಲ್‌ನ ಆರು ಅಂಗಡಿಗಳು ಕಪ್ಪು ಜನರನ್ನು ಕೂರಿಸಿ ಊಟ ಕೊಟ್ಟವು.

ಈ ಚಳವಳಿಯನ್ನು ಯಾವ ಪಠ್ಯಕ್ರಮವೂ ಹುಟ್ಟಿಸಲಿಲ್ಲ. ಒಂದೇ ರೂಮಿನಲ್ಲಿ ಮಲಗುವ, ಒಂದೇ ಅಡುಗೆಮನೆಯಲ್ಲಿ ಉಣ್ಣುವ ಹುಡುಗರು ರಾತ್ರಿಯೆಲ್ಲ ಮಾತಾಡಿ ಕಟ್ಟಿದ್ದು ಇದು. ಕೌಂಟರಿನಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನುವ ನಿಯಮಗಳನ್ನು ಬರೆದವರು ಲೂಯಿಸ್ ಮತ್ತು ಅವರ ರೂಮ್‌ಮೇಟ್ ಲಫಾಯೆಟ್. ಅದರಲ್ಲಿ ಏಸು, ಗಾಂಧಿ, ಕಿಂಗ್ ಮೂವರ ಹೆಸರೂ ಇದೆ. ಹಾಗಾಗಿ ಬೇರೆ ಯಾವುದೋ ಕಟ್ಟಡಕ್ಕಿಂತ ಒಂದು ವಸತಿ ಕಾಲೇಜಿಗೆ ಲೂಯಿಸ್ ಹೆಸರು ಹೆಚ್ಚು ಒಪ್ಪುತ್ತದೆ. ಸಾಂತಾ ಕ್ರೂಜ್‌ನವರು ಇಲ್ಲಿ ಸರಿಯಾದದ್ದನ್ನೇ ಮಾಡಿದರು.

ಇನ್ನು ಕಹಿ ಮಾತಿಗೆ ಬರ್ತೀನಿ.

ಲಾಸನ್ ಆಗ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ಧರಣಿಗೆ ತರಬೇತಿ ಕೊಟ್ಟ ತಪ್ಪಿಗೆ 1960ರ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯ ಅವರನ್ನು ಹೊರಗೆ ಹಾಕಿತು. ಈಗ ಅದೇ ವ್ಯಾಂಡರ್‌ಬಿಲ್ಟ್‌ನಲ್ಲಿ ಲಾಸನ್ ಹೆಸರಿನ ಸಂಸ್ಥೆ ಇದೆ. 1961ರಲ್ಲಿ ಫ್ರೀಡಂ ರೈಡ್‌ಗೆ, ಅಂದರೆ ಬಸ್ಸುಗಳಲ್ಲಿ ಕಪ್ಪು ಬಿಳಿ ಭೇದ ಮುರಿಯೋಕೆ ಒಟ್ಟಿಗೆ ಕೂತು ಮಾಡಿದ ಪ್ರಯಾಣಕ್ಕೆ, ಹೋದರು ಅಂತ ನ್ಯಾಶ್‌ವಿಲ್‌ನ ಇನ್ನೊಂದು ವಿಶ್ವವಿದ್ಯಾಲಯ, ಇದು ಸರ್ಕಾರಿ, 14 ವಿದ್ಯಾರ್ಥಿಗಳನ್ನು ತೆಗೆದುಹಾಕಿತು. 2008ರಲ್ಲಿ ಅದೇ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು. ಲೂಯಿಸ್ ಅವರ ಅರ್ಜಿಗೆ ಉತ್ತರವನ್ನೇ ಕೊಡದ ಟ್ರಾಯ್ ಕಾಲೇಜು 1989ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 2020ರಲ್ಲಿ ಕ್ಯಾಂಪಸ್ಸಿನ ಒಂದು ಕಟ್ಟಡಕ್ಕೆ ಅವರ ಹೆಸರಿಟ್ಟಿತು. ಅದಕ್ಕೂ ಮೊದಲು ಆ ಕಟ್ಟಡಕ್ಕಿದ್ದದ್ದು ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಅನ್ನುವ ಗುಂಪಿನಲ್ಲಿದ್ದ ಒಬ್ಬ ರಾಜ್ಯಪಾಲನ ಹೆಸರು.

ನೋಡಿ, ಇದು ಒಬ್ಬರದಲ್ಲ, ಎಲ್ಲರದೂ ಇದೇ ಚಾಳಿ. ಗಲಾಟೆ ಮಾಡುವಾಗ ಹೊರಗೆ ಹಾಕೋದು. ನಲವತ್ತು ಐವತ್ತು ವರ್ಷ ಆದಮೇಲೆ ಹಾರ ಹಾಕೋದು. ತಿದ್ದಿಕೊಂಡರಲ್ಲ, ಅದು ಒಳ್ಳೆಯದೇ. ಆದರೆ ಹಾರ ಹಾಕಿದ ದಿನ ಬಾಗಿಲ ಹೊರಗೆ ಇನ್ನೊಬ್ಬ ವಿದ್ಯಾರ್ಥಿ ನಿಂತಿದ್ದರೆ ಅವನಿಗೇನು ಸಿಗುತ್ತೆ ಅಂತ ನಾನು ಕೇಳ್ತೀನಿ.

ಸಾಂತಾ ಕ್ರೂಜ್‌ನಲ್ಲಿ ಹಾಗೆ ನಿಂತಿದ್ದರು. 2019ರ ಡಿಸೆಂಬರಿನಲ್ಲಿ ಅಲ್ಲಿನ ಪಾಠ ಮಾಡುವ ಸಂಶೋಧನಾ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಅಮೆರಿಕದಲ್ಲೇ ಬಾಡಿಗೆ ಅತಿ ಜಾಸ್ತಿ ಇರುವ ಊರುಗಳಲ್ಲಿ ಸಾಂತಾ ಕ್ರೂಜ್ ಒಂದು. ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ಬಾಡಿಗೆಗೇ ಹೋಗುತ್ತೆ, ತಿಂಗಳಿಗೆ ಇನ್ನೂ 1,412 ಡಾಲರ್ ಕೊಡಿ ಅಂತ ಕೇಳಿದರು. ಅಂಕಗಳನ್ನು ತಡೆಹಿಡಿದರು. 2020ರ ಫೆಬ್ರವರಿಯಲ್ಲಿ 17 ಜನರ ಬಂಧನವಾಯಿತು. ಅದೇ ತಿಂಗಳ ಕೊನೆಗೆ ಐವತ್ತಕ್ಕೂ ಹೆಚ್ಚು ಜನರಿಗೆ ಮುಂದಿನ ಅವಧಿಗೆ ಕೆಲಸ ಇಲ್ಲ ಅಂದರು. ಮತ್ತೆ ಕೆಲಸ ಕೊಡುವ ಒಪ್ಪಂದವಾಗಿದ್ದು ಆಗಸ್ಟಿನಲ್ಲಿ. ಲೂಯಿಸ್ ತೀರಿಕೊಂಡದ್ದು ಆ ಜುಲೈನಲ್ಲಿ.

ಹೆಸರು ಬಂದ ಮೇಲೆ ಏನಾಯಿತು? 2024ರ ಮೇ ಕೊನೆಯಲ್ಲಿ ಗಾಜಾ ಯುದ್ಧದ ವಿರುದ್ಧ ವಿದ್ಯಾರ್ಥಿಗಳು ಕ್ಯಾಂಪಸ್ಸಿನ ದೊಡ್ಡ ಗೇಟಿನಲ್ಲಿ ಕೂತು ರಸ್ತೆ ತಡೆದರು. ಒಂದೇ ರಾತ್ರಿಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಪೊಲೀಸರು ಬಂಧಿಸಿದರು. ಬಂಧಿಸಿದವರಿಗೆ ಎರಡು ವಾರ ಕ್ಯಾಂಪಸ್ಸಿಗೆ ಕಾಲಿಡಬಾರದು ಅಂತ ಆದೇಶವೂ ಸಿಕ್ಕಿತು. ಸ್ವಲ್ಪ ಯೋಚಿಸಿ. ಕ್ಯಾಂಪಸ್ಸಿನಲ್ಲೇ ವಾಸ ಇರುವ ವಿದ್ಯಾರ್ಥಿಗೆ ಎರಡು ವಾರ ಬರಬೇಡ ಅಂದರೆ ಏನರ್ಥ? ಮಲಗೋ ಜಾಗ ಹೋಯಿತು. ಊಟ ಹೋಯಿತು. ಅದೂ ವರ್ಷದ ಕೊನೆಯ ಪರೀಕ್ಷೆ ಹತ್ತಿರ ಇರುವಾಗ. ಯಾವ ವಿಚಾರಣೆಯೂ ಇಲ್ಲದೆ ಹೀಗೆ ಮಾಡಿದ್ದು ತಪ್ಪು ಅಂತ ಕೆಲವರು ಆ ವರ್ಷವೇ ಕೋರ್ಟಿಗೆ ಹೋದರು.

ರಸ್ತೆ ತಡೆದರೆ ಆಂಬುಲೆನ್ಸ್ ಹೋಗೋದು ಹೇಗೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆಡಳಿತವೂ ಅದನ್ನೇ ಕೇಳಿತು. ಲೂಯಿಸ್ ಇದ್ದಿದ್ದರೆ ಆ ಹುಡುಗರ ಪಕ್ಕ ಕೂರುತ್ತಿದ್ದರು ಅಂತಲೂ ನಾನು ಹೇಳಲ್ಲ. ಅವರು ಇಸ್ರೇಲಿನ ಹಳೆಯ ಬೆಂಬಲಿಗರು. ಆದರೆ ಪ್ರತಿಭಟನೆಯಾಗಿ ಬಹಿಷ್ಕಾರ ಮಾಡುವುದು ಜನರ ಹಕ್ಕು ಅಂತ 2019ರಲ್ಲಿ ಸಂಸತ್ತಿಗೆ ಬಂದ ನಿರ್ಣಯಕ್ಕೂ ಅವರ ಬೆಂಬಲ ಇತ್ತು. ನಿಯಮ ಮುರಿದವರು ಅದರ ಫಲ ಉಣ್ಣಬೇಕು ಅನ್ನೋದನ್ನೂ ಅವರು ಒಪ್ಪಿದ್ದರು. ನ್ಯಾಶ್‌ವಿಲ್‌ನಲ್ಲಿ ದಂಡ ಕಟ್ಟಲ್ಲ ಅಂತ ಹೇಳಿ ಜೈಲಿನಲ್ಲೇ ಉಳಿದರು. ಚಳವಳಿಯ ದಿನಗಳಲ್ಲಿ ಅವರು ಬಂಧನಕ್ಕೆ ಒಳಗಾಗಿದ್ದು ಸುಮಾರು ನಲವತ್ತು ಸಲ. ಸಂಸದರಾದ ಮೇಲೂ ಅದು ನಿಲ್ಲಲಿಲ್ಲ.

ಆದರೆ ವಿದ್ಯಾರ್ಥಿ ತನ್ನ ಬೆಲೆ ತೆರುತ್ತಾನೆ ಅಂದಮೇಲೆ ಕಾಲೇಜೂ ತನ್ನ ಪಾಲಿನದನ್ನು ತೆರಬೇಕು, ಅಲ್ವಾ? ಪೊಲೀಸರನ್ನು ಕರೆಯುವ ಮುಂಚೆ ಕೊನೆಯವರೆಗೂ ಮಾತಾಡಬೇಕು. ಶಿಕ್ಷೆ ಕೊಡಲೇಬೇಕಾದರೂ ರೂಮು ಮತ್ತು ಊಟವನ್ನು ಶಿಕ್ಷೆಯ ಸಾಮಾನು ಮಾಡಬಾರದು. ಇದು ಅಸಾಧ್ಯ ಅನ್ನೋರಿಗೆ 1960ರ ಫಿಸ್ಕ್ ವಿಶ್ವವಿದ್ಯಾಲಯವನ್ನು ತೋರಿಸ್ತೀನಿ. ಅದೂ ನ್ಯಾಶ್‌ವಿಲ್‌ನದೇ, ಕಪ್ಪು ವಿದ್ಯಾರ್ಥಿಗಳದೇ. ಅಲ್ಲಿನ ಅಧ್ಯಕ್ಷ ಸ್ಟೀಫನ್ ರೈಟ್, ಧರಣಿ ಕೂತ ತಮ್ಮ ವಿದ್ಯಾರ್ಥಿಗಳು ಮಾಡಿದ್ದು ಸರಿ ಅಂತ ಎಲ್ಲರೆದುರು ಹೇಳಿದರು. ಆಗ ಅದಕ್ಕೆ ಎಷ್ಟು ಧೈರ್ಯ ಬೇಕಿತ್ತು! ಲೂಯಿಸ್ ಕೂಡ ಆಮೇಲೆ ಅದೇ ಫಿಸ್ಕ್‌ನಲ್ಲಿ ಓದಿದರು.

ಇನ್ನೊಂದು ಭಯ ನನಗಿದೆ. ಹೆಸರಿಟ್ಟ ಮೇಲೆ ಮನುಷ್ಯನನ್ನು ಮೆತ್ತಗೆ ಮಾಡಿಬಿಡ್ತಾರೆ. ನಗುವ ಅಜ್ಜನ ಫೋಟೋ, ಗುಡ್ ಟ್ರಬಲ್ (ಒಳ್ಳೆಯದಕ್ಕಾಗಿ ಮಾಡುವ ತಂಟೆ) ಅನ್ನುವ ಅವರ ಮಾತು ಬರೆದ ಟೀ ಶರ್ಟು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಕಿಂಗ್ ಮಾತಾಡಿದ ವೇದಿಕೆಯಲ್ಲೇ ಲೂಯಿಸ್ ಕೂಡ ಮಾತಾಡಿದರು. ವಯಸ್ಸು 23. ಅವರು ಬರೆದುಕೊಂಡು ಬಂದಿದ್ದ ಭಾಷಣ ತುಂಬಾ ಖಾರವಾಗಿತ್ತು. ಅಂತರ್ಯುದ್ಧದಲ್ಲಿ ಸೇನಾಪತಿ ಶರ್ಮನ್ ದಕ್ಷಿಣವನ್ನು ಸೀಳಿಕೊಂಡು ಹೋದ ಹಾಗೆ ನಾವೂ ಹೋಗ್ತೀವಿ, ಅಹಿಂಸೆಯಿಂದಲೇ, ಅಂತ ಅದರಲ್ಲಿತ್ತು. ಕೆನಡಿ ಸರ್ಕಾರದ ಮಸೂದೆ ಸಾಲದು ಅಂತಲೂ ಇತ್ತು. ದೊಡ್ಡವರು ಒತ್ತಾಯ ಮಾಡಿ ಅದನ್ನು ಮೆತ್ತಗೆ ಮಾಡಿಸಿದರು. ಆ ಕಾಲೇಜಿನ ಮೊದಲ ವರ್ಷದ ಕೋರ್ಸಿನಲ್ಲಿ ಮಕ್ಕಳು ಮೊದಲ ಕರಡನ್ನೂ ಆಡಿದ ಭಾಷಣವನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಓದಬೇಕು. ಆಡಳಿತದವರೂ ಅವತ್ತು ಕ್ಲಾಸಿಗೆ ಬಂದು ಕೂರಬೇಕು ಅನ್ನೋದು ನನ್ನ ಆಸೆ.

ಹೆಸರುಗಳ ಬಗ್ಗೆ ಲೂಯಿಸ್ ಏನು ಯೋಚಿಸುತ್ತಿದ್ದರು ಅನ್ನೋದಕ್ಕೆ ಅಲಬಾಮದ ಸೆಲ್ಮಾ ಊರಿನ ಸೇತುವೆಯೇ ಸಾಕ್ಷಿ. 1965ರ ಮಾರ್ಚ್ 7ರಂದು ಮತದಾನದ ಹಕ್ಕಿಗಾಗಿ ಸುಮಾರು 600 ಜನರನ್ನು ಮುನ್ನಡೆಸಿಕೊಂಡು ಆ ಸೇತುವೆ ದಾಟಿದಾಗಲೇ ಪೊಲೀಸರ ಏಟಿಗೆ ಅವರ ತಲೆಬುರುಡೆ ಬಿರುಕು ಬಿಟ್ಟಿದ್ದು. ಐದೇ ತಿಂಗಳಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂತು. ಆ ಸೇತುವೆಗೆ ಇರೋದು ಎಡ್ಮಂಡ್ ಪೆಟ್ಟಸ್ ಹೆಸರು. ಗುಲಾಮಗಿರಿಯ ಪರವಾಗಿ ಯುದ್ಧ ಮಾಡಿದ ಸೇನಾಪತಿ, ಕ್ಲಾನಿನ ಮುಖಂಡ. ಹೆಸರು ಬದಲಿಸೋಣ ಅಂತ ಜನ ಹೊರಟಾಗ ಲೂಯಿಸ್ ಬೇಡ ಅಂದರು. ಅಲ್ಲಿ ನಡೆದದ್ದನ್ನು ಇದ್ದ ಹಾಗೆಯೇ ನೆನಪಿಡಬೇಕು ಅನ್ನೋದು ಅವರ ವಾದ. ಬೋರ್ಡಿನ ಮೇಲಿನ ಹೆಸರಿಗಿಂತ ನಡೆದ ಕೆಲಸ ಮುಖ್ಯ ಅಂತ ನಂಬಿದ ಮನುಷ್ಯ ಅವರು.

ಇದೆಲ್ಲ ನಮಗ್ಯಾಕೆ ಅನ್ನಬೇಡಿ. ಸ್ಯಾನ್ ಹೋಸೆಯಿಂದ ಹೈವೇ 17 ಹಿಡಿದು ಗುಡ್ಡ ದಾಟಿದರೆ ಸಾಂತಾ ಕ್ರೂಜ್. ಆ ಕಡೆ ಸಿಲಿಕಾನ್ ಕಣಿವೆಯಲ್ಲಿ ಎಷ್ಟು ಕನ್ನಡದ ಮನೆಗಳಿವೆ ಅಂತ ನಿಮಗೆ ಗೊತ್ತು. ನಮ್ಮ ಮಕ್ಕಳು ಇದೇ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳಿಗೆ ಹೋಗ್ತಾರೆ. ಅದರದೇ ಡೇವಿಸ್ ಕ್ಯಾಂಪಸ್ 2021ರಲ್ಲಿ ತಾರತಮ್ಯ ತಡೆಯುವ ನಿಯಮಕ್ಕೆ ಜಾತಿಯನ್ನೂ ಸೇರಿಸಿತು. ಯಾಕೆ ಸೇರಿಸಬೇಕಾಯಿತು? ಕಡಲು ದಾಟಿದರೂ ನಮ್ಮವರು ಅಡ್ಡಹೆಸರು ಕೇಳೋದು, ಊರು ಯಾವುದು, ನಿಮ್ಮನೇಲಿ ಏನು ತಿಂತೀರಿ ಅಂತ ಕೆದಕೋದು ಬಿಟ್ಟಿಲ್ಲ. ಇಡೀ ರಾಜ್ಯಕ್ಕೇ ಅಂಥ ಕಾನೂನು ತರುವ ಮಸೂದೆ 2023ರಲ್ಲಿ ಪಾಸಾಯಿತು, ಆದರೆ ರಾಜ್ಯಪಾಲ ನ್ಯೂಸಮ್ ಅದನ್ನು ವೀಟೊ ಮಾಡಿ ತಡೆದರು. ಅದನ್ನು ಜೋರಾಗಿ ವಿರೋಧಿಸಿದವರಲ್ಲಿ ನಮ್ಮ ದೇಶದಿಂದ ಹೋದವರೇ ಬಹಳ ಜನ ಇದ್ದರು. ಈ ಮಾತು ಹೇಳುವಾಗ ನನಗೆ ನೋವಾಗುತ್ತೆ. ರೂಮ್‌ಮೇಟ್ ಯಾರು ಅನ್ನೋದು ಸಣ್ಣ ವಿಷಯ ಅಲ್ಲ. ಲೂಯಿಸ್ ಮತ್ತು ಲಫಾಯೆಟ್ ಒಂದು ರೂಮಿನಲ್ಲಿ ಏನು ಮಾಡಿದರು ಅಂತ ಈಗಷ್ಟೇ ನೋಡಿದೆವು.

ನಿಮ್ಮ ಮಗಳೋ ಮಗನೋ ಆ ಕಾಲೇಜಿಗೆ ಸೇರಿದರೆ, ರೂಮು ತುಂಬಿಸಿ ಬರೋಕೆ ಹೋದ ದಿನ ಅಲ್ಲಿನವರನ್ನು ಒಂದೆರಡು ಮಾತು ಕೇಳಿ. ವಸತಿ ಊಟದ ಖರ್ಚೇ ಫೀಸಿಗಿಂತ ಜಾಸ್ತಿ ಆಗಿದೆಯಲ್ಲ, ಪಾತ್ರೆ ತಿಕ್ಕಿ ಓದೋಕೆ ಬಂದ ಬಡ ಹುಡುಗನಿಗೆ ಇಲ್ಲಿ ಜಾಗ ಇದೆಯಾ ಅಂತ ಕೇಳಿ. ಧರಣಿ ಕೂತ ವಿದ್ಯಾರ್ಥಿಯ ರೂಮಿನ ಬೀಗವನ್ನು ವಿಚಾರಣೆ ಇಲ್ಲದೆ ಬದಲಿಸಲ್ಲ ಅಂತ ಬರೆದು ಕೊಡ್ತೀರಾ ಅಂತ ಕೇಳಿ. ಇಲ್ಲಿನ ತಾರತಮ್ಯದ ನಿಯಮದಲ್ಲಿ ಜಾತಿ ಅನ್ನುವ ಮಾತು ಎಲ್ಲಿದೆ, ತೋರಿಸಿ ಅಂತ ಕೇಳಿ. ಮಕ್ಕಳ ಎದುರಿಗೇ ಕೇಳಿ.