ನಮಸ್ಕಾರ, ಅವರೇ!

ಕೇಳುಗರೇ, ನಮಸ್ಕಾರ. ಇದನ್ನೇ ಕಂಪ್ಯೂಟರ್ ಕೈಲಿ ಹೇಳಿಸಲು ಹೋಗಿ ನಾನು ಪಟ್ಟ ಪಾಡನ್ನು ಇವತ್ತು ಹೇಳುತ್ತೇನೆ.

ಹೋದ ಚಳಿಗಾಲ ಮಂಡ್ಯದ ಸೋದರತ್ತೆ ಮನೆಯಲ್ಲಿದ್ದೆ. ಪೈಥಾನ್ ಕಲಿಯುತ್ತಿದ್ದೆ. ಹೆಬ್ಬಾವಲ್ಲ, 1991ರಲ್ಲಿ ಗೀಡೊ ವಾನ್ ರಾಸಮ್ ಹೊರತಂದ ಪ್ರೋಗ್ರಾಮಿಂಗ್ ಭಾಷೆ. ಹೆಸರು ಕೂಡ ಬಿಬಿಸಿಯ ಒಂದು ಹಾಸ್ಯ ಕಾರ್ಯಕ್ರಮದಿಂದ ಬಂದದ್ದು, ಹಾವಿನಿಂದಲ್ಲ.

ಬರೆದದ್ದು ಎರಡೇ ಸಾಲು. ಇನ್‌ಪುಟ್ ಹೆಸರು ಕೇಳುತ್ತದೆ. ಪ್ರಿಂಟ್ ಆ ಹೆಸರಿನ ಮೊದಲಿಗೆ ‘ನಮಸ್ಕಾರ’, ಕೊನೆಗೆ ‘ಅವರೇ’ ಸೇರಿಸಿ ತೋರಿಸುತ್ತದೆ. ಕಾವೇರಿ ಎಂದು ಟೈಪ್ ಮಾಡಿದೆ. ‘ನಮಸ್ಕಾರ, ಕಾವೇರಿ ಅವರೇ’ ಎಂದಿತು. ಬೀಗಿಬಿಟ್ಟೆ.

ಅತ್ತೆಯನ್ನು ಕರೆದೆ. ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಸೆರಗಿಗೆ ಕೈ ಒರೆಸಿಕೊಂಡು ಬಂದವರೇ, ಏನೂ ಟೈಪ್ ಮಾಡದೆ ಸುಮ್ನೆ ಎಂಟರ್ ಒತ್ತಿದರು. ‘ನಮಸ್ಕಾರ, ಅವರೇ’ ಎಂದು ಬಂತು.

“ಅವರೆಕಾಯ್ಗೂ ನಮಸ್ಕಾರ ಹಾಕ್ತದೇನ್ಲಾ ಇದು?”

ಇಫ್ ಹಾಕಿದೆ. ಹೆಸರು ಖಾಲಿ ಇದ್ದರೆ ಬರೀ ನಮಸ್ಕಾರ ಸಾಕು. ಅತ್ತೆ ಈ ಸಲ ಒಂದು ಸ್ಪೇಸ್ ಒತ್ತಿ ಎಂಟರ್ ಕೊಟ್ಟರು. ಮತ್ತೆ ಅವರೆ! ನಮ್ಮ ಕಣ್ಣಿಗೆ ಖಾಲಿ, ಪೈಥಾನಿಗೆ ಸ್ಪೇಸ್ ಕೂಡ ಒಂದು ಅಕ್ಷರವೇ. ಸ್ಟ್ರಿಪ್ ಬಳಸಿದೆ. ಬೀನ್ಸಿನ ಎರಡೂ ತುದಿ ಮುರಿದ ಹಾಗೆ, ಅದು ಹೆಸರಿನ ಹಿಂದು ಮುಂದಿನ ಸ್ಪೇಸ್ ತೆಗೆಯುತ್ತದೆ.

ಪ್ರತಿ ಸಲ ಅತ್ತೆಯನ್ನು ಕರೆಯೋಕಾಗುತ್ತಾ? ಅದಕ್ಕೇ ಟೆಸ್ಟ್. ನಮಸ್ಕಾರ ಜೋಡಿಸುವ ಕೆಲಸವನ್ನು ಒಂದು ಫಂಕ್ಷನ್ನಿಗೆ, ಅಂದರೆ ಹೆಸರಿಟ್ಟು ಬೇಕಾದಾಗ ಕರೆಯುವ ಸಾಲುಗಳ ಗುಂಪಿಗೆ, ವಹಿಸಿದೆ. ಅದರೊಳಗೆ ಪ್ರಿಂಟ್ ಬೇಡ, ರಿಟರ್ನ್ ಇರಲಿ. ಪ್ರಿಂಟ್ ಆದದ್ದು ಪರದೆಗೆ ಹೋಯಿತು. ರಿಟರ್ನ್ ಆದದ್ದು ಕೈಗೆ ಸಿಗುತ್ತದೆ, ಹೋಲಿಸಿ ನೋಡಬಹುದು. ಬಂದ ಉತ್ತರವನ್ನು ಬರಬೇಕಾದ ಉತ್ತರದ ಜೊತೆ ಹೋಲಿಸಲು ಅಸರ್ಟ್. ಖಾಲಿ ಹೆಸರಿಗೊಂದು, ಸ್ಪೇಸಿಗೊಂದು, ಕಾವೇರಿಗೊಂದು ಬರೆದೆ.

ಎಲ್ಲ ಸರಿಯಿದ್ದರೆ ಅಸರ್ಟ್ ತುಟಿ ಬಿಚ್ಚುವುದಿಲ್ಲ. ತಪ್ಪಿದ್ದರೆ ಸಾಲಿನ ಸಂಖ್ಯೆ ಸಮೇತ ಎರರ್ ಕೊಡುತ್ತದೆ. ಆ ಮೌನ ನೋಡಿ ಪ್ರೋಗ್ರಾಂ ಓಡಲೇ ಇಲ್ಲವೇನೋ ಅಂದುಕೊಂಡೆ. ಬೇಕಂತಲೇ ‘ನಮಸ್ಕಾರ’ದ ಒತ್ತು ಅಳಿಸಿದೆ. ಎರರ್ ಬಂತು. ಆಗಲೇ ಸಮಾಧಾನ! ಟೆಸ್ಟ್ ಬರೆದವರು ಅದನ್ನು ಒಮ್ಮೆ ಬೀಳಿಸಿಯೂ ನೋಡಬೇಕು, ಅಲ್ವಾ?

ಒತ್ತು ವಾಪಸ್ ಹಾಕಿ, ಮೂರೂ ಪಾಸಾದ ಮೇಲೆ ಅತ್ತೆಯನ್ನು ಮತ್ತೆ ಕರೆದೆ. ಅವರು ಕೀಲಿ ಹುಡುಕಿ ಹುಡುಕಿ ‘ಅತ್ತೆ’ ಎಂದು ಟೈಪ್ ಮಾಡಿದರು. ‘ನಮಸ್ಕಾರ, ಅತ್ತೆ ಅವರೇ’ ಎಂದಿತು.

“ಅತ್ತೆಗೆ ಯಾರ್ಲಾ ಅವರೇ ಅಂತಾರೆ?” ಎಂದು ನಕ್ಕು ಮೊರದ ಕಡೆ ಹೋದರು.

ನಾಲ್ಕನೇ ಅಸರ್ಟ್ ಬರೆದಿಟ್ಟಿದ್ದೇನೆ. ಅದಿನ್ನೂ ಪಾಸಾಗಿಲ್ಲ.