ಯಾರ ಪಿಚ್ಚರ್?

ನಮಸ್ಕಾರ ಕೇಳುಗರೆ.

ನಾನು ಹುಡುಗನಾಗಿದ್ದಾಗ ನಮ್ಮ ಗುಬ್ಬಿ ಕಡೆ ಟೆಂಟಿಗೆ ಹೊಸ ಸಿನಿಮಾ ಬಂದರೆ, ಗಾಡಿಗೆ ಪೋಸ್ಟರ್ ಕಟ್ಟಿಕೊಂಡು ಮೈಕಿನಲ್ಲಿ ಕೂಗುತ್ತಾ ಬರುತ್ತಿದ್ದರು. ನಾವು ಹಿಂದೆ ಓಡಿ ಕೇಳುತ್ತಿದ್ದುದು ಒಂದೇ. 'ಯಾರ್ ಪಿಚ್ಚರ್ ಅಣ್ಣಾ?' 'ರಾಜ್‌ಕುಮಾರ್‌ದು' ಅಂದರೆ ಮುಗಿಯಿತು. ಜಾಸ್ತಿ ಅಂದರೆ ದೇವರ ಪಿಚ್ಚರ್ರೋ ಫೈಟಿಂಗ್ ಪಿಚ್ಚರ್ರೋ ಅಂತ ಇನ್ನೊಂದು ಪ್ರಶ್ನೆ. ನಿರ್ದೇಶಕನ ಹೆಸರು ತೆರೆಯ ಮೇಲೆ ಬರುವಾಗ ನಾವಿನ್ನೂ ಮರಳು ಗುಡ್ಡೆ ಮಾಡಿಕೊಂಡು ಎತ್ತರಕ್ಕೆ ಕೂರುವ ಗಡಿಬಿಡಿಯಲ್ಲಿ ಇರುತ್ತಿದ್ದೆವು.

ಅಜ್ಜನೂ ಅಷ್ಟೇ. 'ಗುಬ್ಬಿ ಕಂಪನಿ ನಾಟಕ' ಅನ್ನುತ್ತಿದ್ದ. ಬರೆದವರು ಯಾರು ಅಂತ ಕೇಳಿದವನಲ್ಲ. ಗುಬ್ಬಿ ವೀರಣ್ಣನವರ ಸಂಸ್ಥೆಯ 'ಬೇಡರ ಕಣ್ಣಪ್ಪ' ಬಂದಿದ್ದು 1954ರಲ್ಲಿ. ನಿರ್ದೇಶಕರು ಎಚ್.ಎಲ್.ಎನ್. ಸಿಂಹ. ಆದರೆ ಜನಕ್ಕೆ ನೆನಪಿರುವುದು ರಾಜ್‌ಕುಮಾರ್, ಮತ್ತೆ ನಮ್ಮ ತಿಪಟೂರಿನ ನರಸಿಂಹರಾಜು.

ತಮಾಷೆ ನೋಡಿ, ಅದೇ ವರ್ಷ ಪ್ಯಾರಿಸ್ಸಿನಲ್ಲಿ ಫ್ರಾನ್ಸ್ವಾ ತ್ರುಫೋ ಎಂಬ ಇಪ್ಪತ್ತೊಂದರ ಹುಡುಗ ಪತ್ರಿಕೆಯಲ್ಲಿ ಜಗಳ ತೆಗೆದ. ಕಾದಂಬರಿಯನ್ನು ಒಪ್ಪವಾಗಿ ಚಿತ್ರಕಥೆ ಮಾಡುವುದು, ನಿರ್ದೇಶಕ ಅದಕ್ಕೆ ಸುಮ್ನೆ ಚಿತ್ರ ಅಂಟಿಸುವುದು, ಇದೆಂಥಾ ಸಿನಿಮಾ ಅಂದ. ನಿರ್ದೇಶಕನೇ ಸಿನಿಮಾದ ಕರ್ತೃ ಅನ್ನುವುದು ಅವನ ಪಂಗಡದ ವಾದ. 1962ರಲ್ಲಿ ಅಮೆರಿಕದ ಸಿನಿಮಾ ವಿಮರ್ಶಕ ಆಂಡ್ರ್ಯೂ ಸ್ಯಾರಿಸ್ ಅದಕ್ಕೆ ಸಿದ್ಧಾಂತ ಅಂತ ಹೆಸರಿಟ್ಟರು. ಮರುವರ್ಷವೇ ಅಲ್ಲಿನ ಇನ್ನೊಬ್ಬ ವಿಮರ್ಶಕಿ ಪಾಲೀನ್ ಕೇಲ್ ಆ ಸಿದ್ಧಾಂತವನ್ನು ಚೆನ್ನಾಗಿ ಝಾಡಿಸಿದರು.

ನಮ್ಮೂರಿಗೆ ಈ ವಾದ ಬಂದಿದ್ದು ಪುಸ್ತಕದಿಂದಲ್ಲ, ಪುಟ್ಟಣ್ಣ ಕಣಗಾಲರಿಂದ. ಸಿರಾ, ಹಿರಿಯೂರು ದಾಟಿದರೆ ದುರ್ಗ, ಅಲ್ವಾ? ಆ ಕಲ್ಲಿನ ಕೋಟೆಯಲ್ಲಿ ತೆಗೆದ 'ನಾಗರಹಾವು' 1972ರಲ್ಲಿ ಬಂತು. ತರಾಸು ಅವರ ಮೂರು ಕಾದಂಬರಿ ಸೇರಿಸಿ ಒಂದು ಸಿನಿಮಾ. ನಾನು ಬರೆದ ನಾಗರಹಾವನ್ನು ಕೇರೆಹಾವು ಮಾಡಿದರು ಅಂತ ತರಾಸು ನೊಂದುಕೊಂಡರು ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ. ಆ ನೋವು ನ್ಯಾಯವೇ. ಆದರೆ ಟೆಂಟಿನಲ್ಲಿ ಅದು ಕಾದಂಬರಿಕಾರರ ಪಿಚ್ಚರ್ ಆಗಲಿಲ್ಲ. ನಾಯಕ ವಿಷ್ಣುವರ್ಧನ್ ಇನ್ನೂ ಹೊಸಬರು. 'ಪುಟ್ಟಣ್ಣನ ಪಿಚ್ಚರ್' ಅಂದರು ಜನ. 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರದು, 'ಶರಪಂಜರ' ತ್ರಿವೇಣಿ ಅವರದು. ಕಥೆ ಯಾರದಾದರೂ ಇರಲಿ, ಹೆಣ್ಣಿನ ಒಳಗಿನ ಕುದಿ ಮುಖಕ್ಕೆ ಬರುವ ತನಕ ಕಾಯುವ ಆ ಕ್ಯಾಮೆರಾ ಮಾತ್ರ ಪುಟ್ಟಣ್ಣನವರದೇ.

ಹಾಗಂತ ಸಿದ್ಧಾಂತ ಎಲ್ಲ ಕಡೆ ಒಗ್ಗುವುದಿಲ್ಲ. ದೊರೈ-ಭಗವಾನ್ ಅವರನ್ನೇ ತೆಗೆದುಕೊಳ್ಳಿ. ನಿರ್ದೇಶಕರೇ ಇಬ್ಬರು. 1968ರ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಕೋಟು ತೊಟ್ಟ ಸಿಐಡಿ. ಮೂರೇ ವರ್ಷಕ್ಕೆ 'ಕಸ್ತೂರಿ ನಿವಾಸ'ದಲ್ಲಿ, ಮನೆಗೆ ಬಂದವರಿಗೆ ಊಟ ಹಾಕಲು ಸಾಕಿದ ಪಾರಿವಾಳವನ್ನೂ ಮಾರಿಕೊಂಡ ಸಾಹುಕಾರ. ಎರಡರಲ್ಲೂ ಒಂದೇ ಕೈಬರಹ ಹುಡುಕಿ ನಾನು ಸೋತಿದ್ದೇನೆ. ಪತ್ತೇದಾರಿ ಪಿಚ್ಚರ್‌ಗೆ ಅದರದೇ ಒಂದು ಹದ ಇರುತ್ತದೆ. ಅಲ್ಲಿ ನಿರ್ದೇಶಕ ಬಾಣಸಿಗ ಇದ್ದಂತೆ, ಹದ ಕೆಡದಿದ್ದರೆ ಸಾಕು.

ಹದ ಅಂದಾಗ ನೆನಪಾಯಿತು. ಇದು 'ನಾಗರಹಾವು' ಬರುವುದಕ್ಕೂ ಮುಂಚಿನದು. ಒಂದು ರಾತ್ರಿ ಸೆಕೆಂಡ್ ಶೋನಲ್ಲಿ ಟೆಂಟಿನ ಆಪರೇಟರ್ ರೀಲು ಹಿಂದುಮುಂದು ಹಾಕಿಬಿಟ್ಟ. ಇಂಟರ್ವಲ್‌ಗೆ ಮೊದಲೇ ಗುಂಡೇಟು ತಿಂದು ಸತ್ತ ಖಳನಾಯಕ, ಇಂಟರ್ವಲ್ ಆದಮೇಲೆ ಸಿಗರೇಟು ಸೇದುತ್ತಾ ಮೆಟ್ಟಿಲಿಳಿದು ಬಂದ. ಇಡೀ ಟೆಂಟು ಶಿಳ್ಳೆ ಹೊಡೆಯಿತು. 'ಡೈರೆಕ್ಟರ್ ಭಾರೀ ಬುದ್ಧಿವಂತ ಕಣೋ' ಅಂದ ನಮ್ಮಣ್ಣ. ಅವನ ಬಾಯಲ್ಲಿ ಡೈರೆಕ್ಟರ್ ಅನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು.