ಸಂಶೋಧನೆಯ ಹಣ, ಇಂಗಾಲದ ಲೆಕ್ಕ

ಕೇಳುಗ ಬಾಂಧವರಿಗೆ ನಮಸ್ಕಾರ. ಶಕ್ತಿನಗರ ಮತ್ತು ಕುಡತಿನಿಯ ವಿದ್ಯುತ್ ಕೇಂದ್ರಗಳ ಚಿಮಣಿಗಳನ್ನು, ತೋರಣಗಲ್ಲಿನ ಉಕ್ಕಿನ ಕುಲುಮೆಗಳನ್ನು, ಗಿಣಿಗೇರಿಯ ಸ್ಪಾಂಜ್ ಐರನ್ ಕಾರ್ಖಾನೆಗಳನ್ನು ದಿನವೂ ನೋಡುವ ನಿಮಗೆ ಕಲ್ಲಿದ್ದಲು ಉರಿದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ನೀವು ಕೇಳುವ ಪ್ರಶ್ನೆಯೇ ಬೇರೆ: ಸಂಶೋಧನೆಗೆಂದು ಇಷ್ಟು ಕೋಟಿ ತೆಗೆದಿಟ್ಟರಲ್ಲ, ಇಂಗಾಲದ ಅನಿಲ ಎಷ್ಟು ಕಡಿಮೆಯಾಯಿತು?

ಹಣ ಇಟ್ಟ ವರ್ಷ ಅನಿಲ ಇಳಿಯುವುದಿಲ್ಲ. ಹಿಂಗಾರಿ ಜೋಳ ಬಿತ್ತಿದವನು ಅದೇ ಬೇಸಿಗೆಗೆ ರಾಶಿ ಮಾಡುತ್ತಾನೆ. ಸಂಶೋಧನೆಗೆ ಹಣ ಹಾಕುವವನು ಹುಣಸೆ ನೆಟ್ಟವನು. ಇಷ್ಟು ಸರಳವಾದ ಮಾತನ್ನು ಬಜೆಟ್ ಓದುವವರಿಗೆ ಪ್ರತಿ ವರ್ಷವೂ ಹೊಸದಾಗಿ ಹೇಳಬೇಕಾಗಿರುವುದು ಸ್ವಲ್ಪ ಬೇಸರದ ಸಂಗತಿಯೇ.

ನಿಮ್ಮ ಮನೆಯ ಎಲ್‌ಇಡಿ ಬಲ್ಬನ್ನೇ ನೋಡಿ. ಕೆಂಪು ಮತ್ತು ಹಸಿರು ಬೆಳಕಿನ ಡಯೋಡುಗಳು, ಅಂದರೆ ಇಂಥ ಬಲ್ಬಿನೊಳಗೆ ಬೆಳಗುವ ಪುಟ್ಟ ತುಣುಕುಗಳು, 1960ರ ದಶಕದಲ್ಲೇ ಬಂದಿದ್ದವು, ಆದರೆ ನೀಲಿ ಇಲ್ಲದೆ ಬಿಳಿ ಬೆಳಕಿಲ್ಲ, ಮತ್ತು ಆ ನೀಲಿ ಯಾರ ಕೈಗೂ ಸಿಗಲಿಲ್ಲ. ಜಪಾನಿನ ನಗೋಯಾದಲ್ಲಿ ಇಸಾಮು ಅಕಾಸಾಕಿ ಮತ್ತು ಅವರ ಶಿಷ್ಯ ಹಿರೋಷಿ ಅಮಾನೊ, ಉಳಿದವರೆಲ್ಲ ಆಗದೆಂದು ಕೈಬಿಟ್ಟಿದ್ದ ಗ್ಯಾಲಿಯಂ ನೈಟ್ರೈಡ್ ಎಂಬ ಹರಳಿನ ಬೆನ್ನು ಹತ್ತಿದ್ದರು. ಅತ್ತ ತೊಕುಷಿಮಾ ಎಂಬ ಊರಿನಲ್ಲಿ, ನಿಚಿಯಾ ಎನ್ನುವ ಅಷ್ಟೇನೂ ದೊಡ್ಡದಲ್ಲದ ಕಂಪನಿಯ ಎಂಜಿನಿಯರ್ ಶುಜಿ ನಾಕಾಮುರಾ ತಾನೂ ನೀಲಿಯನ್ನೇ ಮಾಡುತ್ತೇನೆಂದು 1988ರಲ್ಲಿ ಸಂಸ್ಥಾಪಕರ ಬಳಿ ಹೋಗಿ ಕೇಳಿದರು. ಆ ಹಿರಿಯರು ಲಾಭದ ಖಾತರಿ ಕೇಳದೆ, ಕಂಪನಿಯ ಗಾತ್ರಕ್ಕೆ ಬಲು ದೊಡ್ಡದೆನಿಸುವ ಮೊತ್ತವನ್ನು ಒಪ್ಪಿಕೊಟ್ಟರು. ಆಮೇಲೆ ಬಂದ ಆಡಳಿತ ಈ ಕೆಲಸ ಸಾಕು, ನಿಲ್ಲಿಸಿ ಎಂದಿತು, ನಾಕಾಮುರಾ ಕೇಳಲಿಲ್ಲ. ಯಂತ್ರವನ್ನು ಬೆಳಿಗ್ಗೆ ಬಿಚ್ಚಿ ತಿದ್ದುವುದು, ಮಧ್ಯಾಹ್ನ ಹರಳು ಬೆಳೆಸುವುದು, ಮರುದಿನ ಮತ್ತೆ ಬಿಚ್ಚುವುದು, ಹೀಗೆ ವರ್ಷಗಳು ಕಳೆದವು. 1993ರಲ್ಲಿ ಕಣ್ಣು ಕೋರೈಸುವ ನೀಲಿ ಡಯೋಡ್ ಹೊರಬಂತು. 2014ರಲ್ಲಿ ಮೂವರಿಗೂ ನೊಬೆಲ್ ದೊರೆಯಿತು. ಈ ಕಥೆಯನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಕ್ಷಮಿಸಿ.

ಈಗ ಲೆಕ್ಕಕ್ಕೆ ಬನ್ನಿ. 60 ವ್ಯಾಟಿನ ಹಳೆಯ ಬಲ್ಬಿನ ಜಾಗದಲ್ಲಿ 9 ವ್ಯಾಟಿನದು ದಿನಕ್ಕೆ ಐದು ಗಂಟೆ ಉರಿದರೆ ವರ್ಷಕ್ಕೆ ಸುಮಾರು 90 ಯೂನಿಟ್ ಉಳಿಯುತ್ತದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಿಸಲು ಹೆಚ್ಚುಕಡಿಮೆ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಸರ್ಕಾರಿ ಸಗಟು ಖರೀದಿಯಲ್ಲಿ 2014ರಲ್ಲಿ 310 ರೂಪಾಯಿ ಇದ್ದ ಬಲ್ಬು 2016ರಲ್ಲಿ 38 ರೂಪಾಯಿಗೆ ಇಳಿಯಿತು. ಹೀಗೆ ಕೊಂಡ ಬಲ್ಬನ್ನು ಮನೆಗಳಿಗೆ ಹಂಚುವ, ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ನಡೆದ ಸರ್ಕಾರಿ ಯೋಜನೆಯಡಿ ದೇಶಾದ್ಯಂತ 36 ಕೋಟಿಗೂ ಹೆಚ್ಚು ಬಲ್ಬುಗಳು ಹಂಚಿಕೆಯಾದವು. ಹಣ ಇಟ್ಟದ್ದು 1988ರಲ್ಲಿ, ಅದೂ ತೊಕುಷಿಮಾದಲ್ಲಿ. ಅನಿಲ ಇಳಿದದ್ದು ಕಾಲು ಶತಮಾನದ ಮೇಲೆ, ರಾಯಚೂರು ಕೊಪ್ಪಳಗಳ ಮನೆಗಳಲ್ಲಿ.

ನನಗೆ ಕೊಟ್ಟ ಸಮಯದ ಬಹುಪಾಲನ್ನು ಬಲ್ಬೇ ನುಂಗಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಸಂಶೋಧನೆ ಯಾವುದರ ಮೇಲೆ ಎಂಬುದೂ ಮುಖ್ಯ: ಅಮೆರಿಕದವರು ಶೇಲ್ ಬಂಡೆಯಿಂದ ತೈಲ ತೆಗೆಯುವ ವಿದ್ಯೆ ಕಲಿತದ್ದರಿಂದ ತೈಲವೇ ಹೆಚ್ಚಾಯಿತು. ನಡುವೆ ಕೈಬಿಡುವ ಚಾಳಿಯೂ ಹಳೆಯದು. 1973ರ ತೈಲ ಬಿಕ್ಕಟ್ಟಿನ ನಂತರ ಸೌರಶಕ್ತಿಗೆ ಹರಿದ ಹಣ, 1980ರ ದಶಕದಲ್ಲಿ ತೈಲ ಅಗ್ಗವಾದೊಡನೆ ಬತ್ತಿತು. ನಮ್ಮ ದೇಶವಂತೂ ಒಟ್ಟು ಉತ್ಪನ್ನದ ನೂರು ರೂಪಾಯಿಯಲ್ಲಿ ಸಂಶೋಧನೆಗೆ ಕೊಡುವುದು 64 ಪೈಸೆ. ದಕ್ಷಿಣ ಕೊರಿಯ ಕೊಡುವುದು ಹತ್ತಿರ ಹತ್ತಿರ ಐದು ರೂಪಾಯಿ.

ಕೊನೆಯದಾಗಿ ಬಳ್ಳಾರಿಯ ಅದಿರಿನ ಮಾತು. ಕಲ್ಲಿದ್ದಲಿನ ಕುಲುಮೆಯಲ್ಲಿ ಒಂದು ಟನ್ ಉಕ್ಕು ಮಾಡಿದರೆ ಎರಡು ಟನ್ನಿನಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಸ್ವೀಡನ್ನಿನಲ್ಲಿ 2016ರಲ್ಲಿ ಆರಂಭವಾದ ಸಂಶೋಧನೆ, ಕಲ್ಲಿದ್ದಲಿನ ಬದಲು ಜಲಜನಕದಿಂದ ಅದಿರನ್ನು ಕಬ್ಬಿಣವಾಗಿಸಿ 2021ರಲ್ಲಿ ಮೊದಲ ಉಕ್ಕನ್ನು ಕೊಟ್ಟಿತು; ಆ ಕ್ರಿಯೆಯಲ್ಲಿ ಹೊರಬರುವುದು ನೀರಿನ ಆವಿ. ಸಂಡೂರಿನ ಅದಿರಿಗೂ ಇದೇ ರಸಾಯನ ವಿಜ್ಞಾನ ಒಪ್ಪುತ್ತದೆ, ಜಲಜನಕ ಅಗ್ಗವಾಗಬೇಕು ಅಷ್ಟೇ. ಅದನ್ನು ಅಗ್ಗ ಮಾಡುವ ಕೆಲಸಕ್ಕೆ ಈ ವರ್ಷ ಹಣ ಇಟ್ಟವರು ಮುಂದಿನ ವರ್ಷವೇ ತೋರಣಗಲ್ಲಿಗೆ ಬಂದು ಚಿಮಣಿ ಅಳೆಯಬಾರದು. ನಮಸ್ಕಾರ.